ಗ್ರಸ್ತೋದಯದ ಚಂದ್ರನೂ ಮನೆಯೊಳಗಿನ ನೇಮವೂ

ಗ್ರಹಣ ಹಿಡಿದ ಚಂದ್ರನನ್ನು ಕಣ್ಣಾರೆ ನೋಡಬಹುದೇ, ನೋಡಬಾರದೇ? ಹುಣ್ಣಿಮೆಗೆ ಗುಡ್ಡ ಹತ್ತಿ ಬರುವ ಭಕ್ತರಲ್ಲಿ ಈ ಪ್ರಶ್ನೆ ಮೇಲಿಂದ ಮೇಲೆ ಏಳುತ್ತದೆ. ಚಂದ್ರಗ್ರಹಣ ಆಗುವುದೇ ಹುಣ್ಣಿಮೆಯ ದಿನ. ಆದ್ದರಿಂದ ಬುತ್ತಿ ಕಟ್ಟಿಕೊಂಡು ದೂರದಿಂದ ಬಂದವರು ಒಮ್ಮೊಮ್ಮೆ ಬಾಗಿಲು ಹಾಕಿದ ಗುಡಿಯ ಮುಂದೆ ಕುಳಿತುಕೊಳ್ಳಬೇಕಾಗುತ್ತದೆ. ತಿರುಮಲೆಯಲ್ಲಿ ಗ್ರಹಣಕಾಲಕ್ಕೆ ದೇವಸ್ಥಾನದ ಬಾಗಿಲು ಹಾಕುತ್ತಾರೆ. ಅಲ್ಲಿಗೆ ಹತ್ತಿರದ ಶ್ರೀಕಾಳಹಸ್ತಿಯಲ್ಲಿ ಅದೇ ಹೊತ್ತಿಗೆ ಬಾಗಿಲು ತೆರೆದಿಟ್ಟು ವಿಶೇಷ ಪೂಜೆ ನಡೆಸುತ್ತಾರೆ. ಎರಡೂ ಕಡೆ ಭಕ್ತಿಗೇನೂ ಕೊರತೆಯಿಲ್ಲ. ಹಾಗಾದರೆ ಬಾಗಿಲು ಹಾಕುವುದು, ತೆರೆಯುವುದು ಆಯಾ ಕ್ಷೇತ್ರದ ಸಂಪ್ರದಾಯದ ಮಾತಾಯಿತು. ಧರ್ಮದ ಮಾತು ಇನ್ನೂ ಒಳಗಿದೆ. ಅದನ್ನು ವಿಚಾರ ಮಾಡುವುದಕ್ಕೆ ವಿಜಯಪುರದ ಸ್ಟೇಷನ್ ರಸ್ತೆಯಂಥ ಒಂದು ರಸ್ತೆ ಸಾಕು, ಒಂದು ಸಂಜೆ ಸಾಕು.

ಆ ಸಂಜೆ 2018ರ ಜನವರಿ 31, ಬುಧವಾರ, ಮಾಘ ಶುದ್ಧ ಹುಣ್ಣಿಮೆ. ನಮ್ಮ ಸೀಮೆಯವರು ಇದನ್ನು ಭಾರತ ಹುಣ್ಣಿಮೆ ಎನ್ನುತ್ತಾರೆ. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಜನ ಹರಿದುಹೋಗುವ ಹುಣ್ಣಿಮೆ. ಆ ತಿಂಗಳಲ್ಲಿ ಅದು ಎರಡನೆಯ ಹುಣ್ಣಿಮೆ, ಚಂದ್ರ ಭೂಮಿಗೆ ಹತ್ತಿರವೂ ಇದ್ದ. ಅದಕ್ಕಾಗಿ ಪತ್ರಿಕೆ, ಟಿ.ವಿ.ಯವರು ‘ಸೂಪರ್ ಬ್ಲೂ ಬ್ಲಡ್ ಮೂನ್’ ಎಂದು ಉದ್ದನೆಯ ಹೆಸರು ಕೊಟ್ಟರು. ಪಂಚಾಂಗದಲ್ಲಿ ಇಂಥ ಗ್ರಹಣಕ್ಕೆ ಚಿಕ್ಕದಾದ, ಅಚ್ಚುಕಟ್ಟಾದ ಹೆಸರು ಮೊದಲಿನಿಂದಲೂ ಇದೆ: ಗ್ರಸ್ತೋದಯ. ಗ್ರಸ್ತ ಎಂದರೆ ಹಿಡಿಯಲ್ಪಟ್ಟ, ನುಂಗಲ್ಪಟ್ಟ. ಹಿಡಿದುಕೊಂಡೇ ಮೂಡುವ ಚಂದ್ರ ಎಂದರ್ಥ.

ಅಂದು ಸಂಜೆ 5 ಗಂಟೆ 18 ನಿಮಿಷಕ್ಕೆ ನೆರಳು ಚಂದ್ರನನ್ನು ಮುಟ್ಟಿತು. ಆಗ ವಿಜಯಪುರದಲ್ಲಿ ಚಂದ್ರ ಇನ್ನೂ ಮೂಡಿರಲಿಲ್ಲ. 6 ಗಂಟೆ 21 ನಿಮಿಷ ದಾಟಿದಾಗ ಪೂರ್ತಿ ಮುಳುಗಿದ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಊರಿಗೆ ಸೂರ್ಯಾಸ್ತ, ಅದೇ ಹೊತ್ತಿಗೆ ಚಂದ್ರೋದಯ. 7 ಗಂಟೆ 38 ನಿಮಿಷದ ಹೊತ್ತಿಗೆ ಪೂರ್ಣ ಗ್ರಹಣ ಮುಗಿದು, 8 ಗಂಟೆ 41 ನಿಮಿಷಕ್ಕೆ ಮೋಕ್ಷವಾಯಿತು. ಅಂದರೆ ಪಂಚಾಂಗ ‘ಚಂದ್ರ ಮೂಡಿದ’ ಎಂದು ಹೇಳಿದ ಗಳಿಗೆಯಲ್ಲಿ ಪೂರ್ವದಿಕ್ಕಿಗೆ ಕಣ್ಣು ನೆಟ್ಟವರಿಗೆ ಏನೂ ಕಾಣುವಂತಿರಲಿಲ್ಲ. ಪಶ್ಚಿಮದಲ್ಲಿ ಸಂಜೆಯ ಬೆಳಕು ಇನ್ನೂ ಇದೆ. ಪೂರ್ವದಲ್ಲಿ ಮೂಡಿದ ಚಂದ್ರನಿಗೆ ತನ್ನ ಬೆಳಕಿಲ್ಲ. ಕತ್ತಲು ಗಟ್ಟಿಯಾದ ಮೇಲೆಯೇ ಅವನು ತಾಮ್ರದ ಹಳೇ ತಟ್ಟೆಯ ಬಣ್ಣದಲ್ಲಿ ಮೆಲ್ಲಗೆ ಕಣ್ಣಿಗೆ ಹತ್ತುವುದು. ಇದ್ದಾನೆ, ಆದರೆ ಕಾಣುವುದಿಲ್ಲ. ಕಾಣುವುದಿಲ್ಲವೆಂದು ಇಲ್ಲವೆನ್ನಲು ಬರುವುದಿಲ್ಲ.

ಸ್ಟೇಷನ್ ರಸ್ತೆಯನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಗಾಂಧಿ ಚೌಕದ ಕಡೆಯಿಂದ ಪೂರ್ವಕ್ಕೆ, ಗೋಲಗುಮ್ಮಟದ ಬದಿಯಿಂದ ರೈಲ್ವೆ ಸ್ಟೇಷನ್ನಿನತ್ತ ಹೋಗುವ ದಾರಿ ಅದು. ಸಂಜೆ ಆ ದಾರಿಯಲ್ಲಿ ಸ್ಟೇಷನ್ನಿನ ಕಡೆ ಹೊರಟವನ ಬೆನ್ನಿಗೆ ಸೂರ್ಯ, ಎದುರಿಗೆ ಹುಣ್ಣಿಮೆಯ ಚಂದ್ರ. ಸೂರ್ಯ ಮುಳುಗುವ ಮೊದಲಿನ ಗಳಿಗೆಯಲ್ಲಿ ಮನುಷ್ಯನ ನೆರಳು, ಟಾಂಗಾದ ನೆರಳು, ಬೇವಿನ ಗಿಡದ ನೆರಳು, ಅಷ್ಟು ದೊಡ್ಡ ಗುಮ್ಮಟದ ನೆರಳು ಎಲ್ಲವೂ ಉದ್ದಕ್ಕೆ ಪೂರ್ವದ ಕಡೆ ಬೀಳುತ್ತವೆ. ಗ್ರಹಣದ ಸಂಜೆ ಸೂರ್ಯನೂ ಚಂದ್ರನೂ ನೆಟ್ಟಗೆ ಎದುರುಬದುರು ಇರುವುದರಿಂದ ಆ ನೆರಳುಗಳೆಲ್ಲ ಬೆರಳು ಮಾಡಿ ತೋರಿಸುವುದು ಚಂದ್ರ ಮೂಡುವ ಜಾಗವನ್ನೇ.

ಇನ್ನೂ ಒಂದು ನೆರಳಿದೆ, ಅದನ್ನು ನೋಡಿದವರು ಕಡಿಮೆ. ಮೋಡವಿಲ್ಲದ ಯಾವ ಸಂಜೆಯಾದರೂ ಸೂರ್ಯ ಮುಳುಗಿದ ಮೇಲೆ ಪಶ್ಚಿಮದ ಕಡೆ ನೋಡುವುದನ್ನು ಬಿಟ್ಟು ಪೂರ್ವಕ್ಕೆ ತಿರುಗಿದರೆ, ಬಾನಂಚಿನ ಮೇಲೆ ಕಪ್ಪುನೀಲಿಯ ಒಂದು ಪಟ್ಟಿ, ಅದರ ಮೇಲೆ ತೆಳು ಗುಲಾಬಿಯ ಅಂಚು ಕಾಣುತ್ತದೆ. ಆ ಕಪ್ಪುನೀಲಿಯೇ ಭೂಮಿಯ ನೆರಳು. ಹೊತ್ತು ಹೋದಂತೆ ಅದು ಮೇಲೇರಿ ರಾತ್ರಿಯಾಗುತ್ತದೆ. ರಾತ್ರಿ ಎಂದರೆ ನಾವು ದಿನವೂ ಹೊಕ್ಕು ಮಲಗುವ ಆ ನೆರಳೇ. ಅದರ ಉದ್ದ ಸುಮಾರು 14 ಲಕ್ಷ ಕಿಲೋಮೀಟರು. ಹೋಗುತ್ತ ಹೋಗುತ್ತ ಸಣ್ಣದಾಗುವ ಕೋಲಿನ ಹಾಗೆ ಇರುತ್ತದೆ. ಚಂದ್ರ ಇರುವ ದೂರದಲ್ಲಿ, ಅಂದರೆ ಸುಮಾರು 3 ಲಕ್ಷ 84 ಸಾವಿರ ಕಿಲೋಮೀಟರಿನಲ್ಲಿ, ಅದರ ಅಗಲ ಇನ್ನೂ ಚಂದ್ರನ ಎರಡೂವರೆ ಪಟ್ಟಿಗಿಂತ ಹೆಚ್ಚು. ಹೀಗಾಗಿ ಚಂದ್ರ ಅದರೊಳಗೆ ಪೂರ್ತಿ ಮುಳುಗಿ ಒಂದು ತಾಸಿಗೂ ಮಿಕ್ಕಿ ಇರಬಲ್ಲ. ಆಗಲೂ ಅವನು ಕಪ್ಪಾಗದೆ ಕೆಂಪಾಗುವುದೇಕೆಂದರೆ, ಭೂಮಿಯ ಸುತ್ತಲಿನ ಗಾಳಿ ಸೂರ್ಯನ ಬೆಳಕನ್ನು ಬಗ್ಗಿಸಿ ನೆರಳಿನೊಳಕ್ಕೆ ಕಳಿಸುತ್ತದೆ. ನೀಲಿ ದಾರಿಯಲ್ಲೇ ಚೆದುರಿಹೋಗಿ ಕೆಂಪು ಉಳಿಯುತ್ತದೆ. ಆ ಗಳಿಗೆಯಲ್ಲಿ ಭೂಮಿಯ ಅಂಚಿನ ಮೇಲೆ ಎಲ್ಲೆಲ್ಲಿ ಬೆಳಗಾಗುತ್ತಿದೆಯೋ ಎಲ್ಲೆಲ್ಲಿ ಸಂಜೆಯಾಗುತ್ತಿದೆಯೋ ಆ ಎಲ್ಲ ಊರುಗಳ ಕೆಂಪು ಚಂದ್ರನ ಮೇಲೆ ಬೀಳುತ್ತದೆ. ವಿಜಯಪುರದ ಸಂಜೆಗೆಂಪೂ ಅದರಲ್ಲಿ ಒಂದು ಪಾಲು.

ಇಷ್ಟು ತಿಳಿದ ಮೇಲೆ ಮನೆಯೊಳಗಿನ ಮಾತಿಗೆ ಬರಬೇಕು. ಸ್ಟೇಷನ್ ರಸ್ತೆಯ ಒಂದು ಮನೆ ಎಂದು ಇಟ್ಟುಕೊಳ್ಳೋಣ. ಯಾವ ಮನೆಯಾದರೂ ನಡೆಯುತ್ತದೆ. ಸೊಸೆಗೆ ಏಳು ತಿಂಗಳು. ಅತ್ತೆ ಬೆಳಿಗ್ಗೆಯೇ ನೀರಿನ ಕೊಡ, ಉಪ್ಪಿನಕಾಯಿಯ ಭರಣಿ ಎಲ್ಲದಕ್ಕೂ ಗರಿಕೆ ಹಾಕಿದ್ದಾಳೆ. ಓಣಿಯ ಹುಡುಗರು ತಾಟಿನಲ್ಲಿ ನೀರು ಹಾಕಿ ಒನಕೆ ನಿಲ್ಲಿಸುವ ಸಡಗರದಲ್ಲಿದ್ದಾರೆ. (ತಳ ಸಮನಾಗಿದ್ದರೆ ಒನಕೆ ಗ್ರಹಣವಿಲ್ಲದ ದಿನವೂ ನಿಲ್ಲುತ್ತದೆ. ನಿಲ್ಲಿಸಿ ನೋಡುವವರು ಕಡಿಮೆ, ಅಷ್ಟೆ.) ಸೊಸೆ ಒಳಗಿನ ಖೋಲಿಯಲ್ಲಿ, ಕಿಟಕಿಗೆ ಚಾದರ ಕಟ್ಟಿದೆ.

“ಅಲಗಾಡಬ್ಯಾಡ ಯವ್ವಾ, ಸುಮ್ನ ಮಲಕೋ. ಏನೂ ಕೊಯ್ಯಬ್ಯಾಡ, ಹೊಲಿಬ್ಯಾಡ.”

“ಬಾಯಿ ಭಾಳ ಒಣಗೇದರಿ ಅತ್ತಿ. ಒಂದ ಗುಟುಕ ನೀರ ಕುಡೀಲೇನ್ರಿ?”

“ಗ್ರಾಣ ಬಿಟ್ಟ ಮ್ಯಾಲ ಕುಡೀವಂತಿ. ನಾನೂ ಮುಂಜಾನಿಂದ ಉಪಾಸ ಅದೀನಿ, ನೋಡು.”

ಇಲ್ಲಿ ಅತ್ತೆಯನ್ನು ಕೆಟ್ಟವಳೆಂದು ತಿಳಿಯಬಾರದು. ತಾನು ಮಾಡದ್ದನ್ನು ಅವಳು ಹೇಳುತ್ತಿಲ್ಲ. ಹೊಟ್ಟೆಯ ಕೂಸಿನ ಮೇಲಿನ ಮಮತೆಯಿಂದಲೇ ಹೇಳುತ್ತಾಳೆ. ಮೂರು ಯಾಮ, ಅಂದರೆ ಒಂಬತ್ತು ತಾಸು ಮೊದಲು ಚಂದ್ರಗ್ರಹಣದ ವೇಧ ಎಂಬ ಸಾಮಾನ್ಯ ಲೆಕ್ಕ ಹಿಡಿದರೂ, ಆ ಬುಧವಾರ ಬೆಳಿಗ್ಗೆ ಎಂಟೂಕಾಲಿಗೆ ಬಿಟ್ಟ ಊಟ ರಾತ್ರಿ ಎಂಟೂಮುಕ್ಕಾಲಿಗೆ ಸಿಗಬೇಕು. ಹನ್ನೆರಡು ತಾಸಿಗೆ ಮಿಕ್ಕ ಉಪವಾಸ. ಅತ್ತೆಯ ಉಪವಾಸವೂ ಅಷ್ಟೇ ತಾಸಿನದು, ಸೊಸೆಯದೂ ಅಷ್ಟೇ. ತಕ್ಕಡಿಯಲ್ಲಿ ಹಾಕಿದರೆ ಎರಡೂ ಸಮ ತೂಗುತ್ತವೆಯೇ?

ಅತ್ತೆಯದು ಆಕೆ ತಾನಾಗಿ ಹೊತ್ತದ್ದು. ಬೇಡವೆಂದಿದ್ದರೆ ಇಳಿಸಬಹುದಿತ್ತು, ಇಳಿಸಲಿಲ್ಲ. ಅದಕ್ಕೇ ಅದಕ್ಕೆ ವ್ರತದ ಬೆಲೆ. ಸೊಸೆಗೆ ಇಳಿಸುವ ದಾರಿಯಿಲ್ಲ. ನೀರು ಕುಡಿದರೆ ಮಾತು ಕೇಳದವಳೆಂಬ ಹೆಸರು. ಮುಂದೆ ಕೂಸಿಗೆ ಏನಾದರೂ ಆದರೆ ಅದರ ಹೊಣೆಯೂ ಅವಳ ತಲೆಗೇ. ಬಾಯಾರಿದವಳಿಗೆ ನೀರು ಕೊಡದೆ ಇದ್ದದ್ದು ಯಾರ ಲೆಕ್ಕದಲ್ಲಿ ಪುಣ್ಯವಾಗಿ ಜಮೆಯಾಗುತ್ತದೆ? ಅತ್ತೆಯ ಲೆಕ್ಕದಲ್ಲಿ ಆಗಲಾರದು, ಏಕೆಂದರೆ ಆ ಬಾಯಾರಿಕೆ ಆಕೆಯದಲ್ಲ. ಸೊಸೆಯ ಲೆಕ್ಕದಲ್ಲೂ ಆಗಲಾರದು, ಏಕೆಂದರೆ ಆ ಸಂಕಲ್ಪ ಅವಳದಲ್ಲ. ಶಾಸ್ತ್ರ ಬರೆದವರು ಇದನ್ನು ಅರಿತಿದ್ದರು. ಬಾಲರು, ವೃದ್ಧರು, ಆತುರರು, ಅಂದರೆ ಕೂಸುಗಳು, ಮುದುಕರು, ಮೈಯಲ್ಲಿ ಆರಾಮವಿಲ್ಲದವರಿಗೆ ವೇಧದ ನಿಯಮವನ್ನು ಅವರು ಸಡಿಲ ಮಾಡಿಟ್ಟಿದ್ದಾರೆ. ಪಂಚಾಂಗದ ಗ್ರಹಣದ ಪುಟದಲ್ಲಿ ಈ ಮಾತು ಅಚ್ಚಾಗಿರುತ್ತದೆ. ಆದರೆ ನಮ್ಮ ಮನೆಗಳಲ್ಲಿ ಕಟ್ಟುನಿಟ್ಟಿನ ಸಾಲನ್ನು ಗಟ್ಟಿಯಾಗಿ ಓದುತ್ತಾರೆ, ಸಡಿಲಿಕೆಯ ಸಾಲು ಬಂದಾಗ ಪುಟ ತಿರುವುತ್ತಾರೆ.

ಕೂಸಿನ ತುಟಿಯ ಮಾತನ್ನು ಬಿಡಿಸಿ ಹೇಳಲೇಬೇಕು. ಸೀಳುತುಟಿಯ ಕೂಸು ಹುಟ್ಟಿದರೆ ‘ಗ್ರಾಣ ಹಿಡದದ’ ಎನ್ನುವ ರೂಢಿ ಇದೆ. ಆದರೆ ಕೂಸಿನ ತುಟಿ ಕೂಡಿಕೊಳ್ಳುವುದು ಗರ್ಭ ನಿಂತ ನಾಲ್ಕರಿಂದ ಏಳನೆಯ ವಾರದೊಳಗೆ. ಅಂಗುಳ ಅದರ ಹಿಂದೆಯೇ, ಒಂಬತ್ತನೆಯ ವಾರದ ಸುಮಾರಿಗೆ ಕೂಡುತ್ತದೆ. ಏಳು ತಿಂಗಳ ಬಸುರಿಯ ಹೊಟ್ಟೆಯಲ್ಲಿ ಕೂಸಿನ ಬಾಯಿ ಎಂದೋ ಆಗಿಹೋಗಿರುತ್ತದೆ. ಚಂದ್ರ ಅದನ್ನು ಹೊಲಿಯಲೂ ಆರ, ಹರಿಯಲೂ ಆರ. ವಂಶದ ಕಾರಣ, ತಾಯಿಗೆ ಫೋಲಿಕ್ ಆಮ್ಲದ ಕೊರತೆ, ತಂಬಾಕು, ಕೆಲವು ಔಷಧಗಳು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಇವೆಲ್ಲ ಅದಕ್ಕೆ ಸಂಬಂಧಿಸಿದವು ಎಂದು ವೈದ್ಯರು ಹೇಳುತ್ತಾರೆ. ಎಷ್ಟೋ ಸಲ ಇಂಥದ್ದೇ ಎಂದು ಹೇಳಲೂ ಬಾರದು. ಶಸ್ತ್ರಚಿಕಿತ್ಸೆಯಿಂದ ಆ ತುಟಿಯನ್ನು ಹುಟ್ಟಿದ ಕೆಲವೇ ತಿಂಗಳಲ್ಲಿ ಕೂಡಿಸುತ್ತಾರೆ. ಕೂಡಿಸಲಾಗದ್ದು ಇನ್ನೊಂದಿದೆ: ‘ಅವತ್ತ ನೀ ಹೊರಗ ಹೋಗಿದ್ದಿ’ ಎಂದು ತಾಯಿಯ ಎದೆಗೆ ನೆಟ್ಟ ಮಾತು. ಗ್ರಹಣ ಮೂರು ತಾಸು ಇಪ್ಪತ್ತು ನಿಮಿಷಕ್ಕೆ ಬಿಟ್ಟಿತು. ಈ ಮಾತು ಅವಳನ್ನು ಬಿಡುವುದು ಯಾವಾಗ?

ಭಯವನ್ನು ತಾನು ಪಡುವುದು ಒಂದು ಸಂಗತಿ, ಆ ಭಯದ ಖರ್ಚನ್ನು ಇನ್ನೊಬ್ಬರಿಂದ ಕೊಡಿಸುವುದು ಬೇರೆ ಸಂಗತಿ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ ಸುದ್ದಿ ದೇಶವೆಲ್ಲ ಓದಿತು. ಗುಣವಾದೀತು ಎಂಬ ಆಸೆ ಹೆತ್ತವರದು. ಆ ಆಸೆಯನ್ನು ಯಾರೂ ಹಳಿಯಲಾರರು. ಆದರೆ ಮಣ್ಣಿನೊಳಗೆ ಇದ್ದವು ಮಕ್ಕಳ ಕೈಕಾಲುಗಳು. ಬೇಡವೆಂದು ಎದ್ದು ನಡೆಯಲಾರದ ಕೂಸುಗಳನ್ನೇ ಆ ನೇಮಕ್ಕೆ ಹಿಡಿದದ್ದು. ನೇಮದ ಭಾರ ಯಾವಾಗಲೂ ಇಳಿಜಾರಿಗೆ ಹರಿಯುತ್ತದೆ: ಬಸುರಿಗೆ, ಕೂಸಿಗೆ, ಮನೆಗೆ ಹೊಸದಾಗಿ ಬಂದವಳಿಗೆ. ಮನೆಯ ಯಜಮಾನ ಗ್ರಹಣದ ಹೊತ್ತಿನಲ್ಲಿ ಅಂಗಡಿಯ ಗಲ್ಲೆಯ ಮೇಲೆ ಕುಳಿತಿದ್ದರೆ ಅವನನ್ನು ಯಾರೂ ಕೇಳುವುದಿಲ್ಲ.

ಹಾಗೆಂದು ಗ್ರಹಣದ ಲೆಕ್ಕ ಬಲ್ಲವರೆಲ್ಲ ಧರ್ಮಿಷ್ಠರು ಎನ್ನಲೂ ಬರುವುದಿಲ್ಲ. 1504ರ ಫೆಬ್ರವರಿ 29ರಂದು ಜಮೈಕಾ ದ್ವೀಪದಲ್ಲಿ ಹಡಗು ಕೆಟ್ಟು ಕುಳಿತಿದ್ದ ಕೊಲಂಬಸ್‌ನ ಕೈಯಲ್ಲಿ ಯುರೋಪಿನ ಪಂಚಾಂಗವೊಂದಿತ್ತು. ಅಂದು ಸಂಜೆ ಮೂಡುವ ಚಂದ್ರನಿಗೆ ಗ್ರಹಣ ಎಂದು ಅವನಿಗೆ ಮೊದಲೇ ಗೊತ್ತು. ಊಟ ಕೊಡುವುದನ್ನು ನಿಲ್ಲಿಸಿದ್ದ ಅಲ್ಲಿಯ ಜನರನ್ನು ಕರೆದು, ನಮ್ಮ ದೇವರು ನಿಮ್ಮ ಮೇಲೆ ಸಿಟ್ಟಾಗಿದ್ದಾನೆ, ನೋಡಿ ಚಂದ್ರನನ್ನು ಕೆಂಪಗೆ ಮಾಡುತ್ತಾನೆ ಎಂದ. ಹಾಗೆಯೇ ಆಯಿತು. ಹೆದರಿದ ಜನ ಅಳುತ್ತ ಊಟ ಹೊತ್ತು ತಂದರು. ಅವನ ಲೆಕ್ಕ ಸರಿ, ನಡತೆ? ಅತ್ತೆ ತಿಳಿಯದೆ ಹೆದರಿಸಿದಳು, ತಾನೂ ಹೆದರಿದಳು. ಇವನು ತಿಳಿದು ಹೆದರಿಸಿದ, ತಾನು ಹೆದರಲಿಲ್ಲ. ಇಬ್ಬರನ್ನೂ ಧರ್ಮದ ಮುಂದೆ ನಿಲ್ಲಿಸಿದರೆ ಅತ್ತೆಗೆ ಮಾಫಿ ಬೇಗ ಸಿಕ್ಕೀತು.

ಇನ್ನು ಮೊದಲಿನ ಪ್ರಶ್ನೆ, ನೋಡಬಾರದು ಎಂಬ ಮಾತು. ಇಲ್ಲಿ ಒಂದು ವಿಚಿತ್ರವಿದೆ. ಕಣ್ಣಿಗೆ ಕಾಣದ ಗ್ರಹಣಕ್ಕೆ ಆಚರಣೆ ಇಲ್ಲ ಎಂಬುದು ಶಾಸ್ತ್ರದ ಮಾತೇ. ಅಮೆರಿಕದಲ್ಲಿ ಮಾತ್ರ ಕಾಣುವ ಗ್ರಹಣಕ್ಕೆ ವಿಜಯಪುರದಲ್ಲಿ ಯಾರೂ ಸ್ನಾನ ಮಾಡುವುದಿಲ್ಲ. ‘ಭಾರತದಲ್ಲಿ ಗೋಚರವಿಲ್ಲ, ಆಚರಣೆ ಇಲ್ಲ’ ಎಂದು ಪಂಚಾಂಗ ಒಂದು ಸಾಲಿನಲ್ಲಿ ಮುಗಿಸುತ್ತದೆ. ಸ್ಪರ್ಶಕ್ಕೊಂದು ಸ್ನಾನ, ಮೋಕ್ಷಕ್ಕೊಂದು ಸ್ನಾನ ಎಂದರೆ ಯಾರೋ ಒಬ್ಬರು ಹೊರಗೆ ನಿಂತು ಮುಟ್ಟಿದ್ದನ್ನೂ ಬಿಟ್ಟದ್ದನ್ನೂ ನೋಡಲೇಬೇಕು. ಆಚರಣೆ ಹುಟ್ಟಿದ್ದೇ ನೋಟದಿಂದ. ಅದೇ ಆಚರಣೆಯ ಹೆಸರಿನಲ್ಲಿ ನೋಟಕ್ಕೆ ಚಾದರ ಕಟ್ಟಿದ್ದೇವೆ. ಸೂರ್ಯಗ್ರಹಣದ ಮಾತು ಬೇರೆ, ಬರಿಗಣ್ಣಿನಿಂದ ಅದನ್ನು ನೋಡಿದರೆ ಕಣ್ಣು ಸುಡುತ್ತದೆ. ಅಲ್ಲಿ ಹಿರಿಯರ ಎಚ್ಚರಿಕೆ ಸರಿಯಾದದ್ದೇ. ಚಂದ್ರಗ್ರಹಣದಲ್ಲಿ ಹುಣ್ಣಿಮೆಯ ಬೆಳಕು ಕಡಿಮೆಯಾಗುತ್ತದೆ, ಹೆಚ್ಚಾಗುವುದು ಯಾವುದೂ ಇಲ್ಲ. ಬಸುರಿಯೂ ನೋಡಬಹುದು, ಹಸುಗೂಸಿಗೂ ತೋರಿಸಬಹುದು.

ಭಾಸ್ಕರಾಚಾರ್ಯರ ನೆನಪನ್ನು ಈ ಊರಿನ ನೆಲದ ಮೇಲೆ ಮಾಡದೆ ಇರಲಾಗದು. ತಮ್ಮ ಊರು ಸಹ್ಯಾದ್ರಿಯ ಬಳಿಯ ವಿಜ್ಜಡವಿಡ ಎಂದು ಅವರೇ ಬರೆದಿದ್ದಾರೆ. ಅದು ನಮ್ಮ ವಿಜಯಪುರವೇ ಎಂದು ಕೆಲವರು, ಮಹಾರಾಷ್ಟ್ರದ ಪಾಟಣೆಯ ಕಡೆಯದು ಎಂದು ಕೆಲವರು ವಾದಿಸುತ್ತಾರೆ. ವಾದ ವಿದ್ವಾಂಸರಿಗಿರಲಿ. 1114ರಲ್ಲಿ ಹುಟ್ಟಿ, 1150ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ ‘ಸಿದ್ಧಾಂತಶಿರೋಮಣಿ’ ಬರೆದವರು ಅವರು. ಅದರ ಗೋಲಾಧ್ಯಾಯದಲ್ಲಿ ಗ್ರಹಣದ ವಿಚಾರ ಬರುತ್ತದೆ. ಚಂದ್ರನನ್ನು ಮರೆಮಾಡುವುದು ಭೂಮಿಯ ನೆರಳು, ಸೂರ್ಯನನ್ನು ಮರೆಮಾಡುವುದು ಚಂದ್ರ ಎಂದು ಅವರಿಗಿಂತ ಆರು ನೂರು ವರ್ಷ ಹಿಂದೆಯೇ, 499ರ ಸುಮಾರಿಗೆ, ಆರ್ಯಭಟ ಹೇಳಿದ್ದ. ಭಾಸ್ಕರಾಚಾರ್ಯರು ಕಣ್ಣಿಗೆ ಕಾಣುವ ಸಾಕ್ಷಿ ಕೊಡುತ್ತಾರೆ. ಅರ್ಧ ಹಿಡಿದ ಚಂದ್ರನ ಕೊಂಬುಗಳು ಮೊಂಡಾಗಿರುತ್ತವೆ, ಗ್ರಹಣ ಬಹಳ ಹೊತ್ತು ಇರುತ್ತದೆ. ಆದ್ದರಿಂದ ಹಿಡಿದದ್ದು ಚಂದ್ರನಿಗಿಂತ ದೊಡ್ಡದು. ಅರ್ಧ ಹಿಡಿದ ಸೂರ್ಯನ ಕೊಂಬುಗಳು ಚೂಪು, ಹೊತ್ತೂ ಕಡಿಮೆ, ಹಿಡಿದದ್ದು ಸಣ್ಣದು. ಚಂದ್ರನಿಗೆ ಪೂರ್ವದ ಕಡೆಯಿಂದ ಹಿಡಿಯುತ್ತದೆ, ಸೂರ್ಯನಿಗೆ ಪಶ್ಚಿಮದ ಕಡೆಯಿಂದ. ಎರಡನ್ನೂ ಒಬ್ಬನೇ ರಾಹು ಹಿಡಿದರೆ ಹೀಗೆ ಬೇರೆ ಬೇರೆ ಆಗುವುದು ಹೇಗೆ?

ಇಷ್ಟಾದ ಮೇಲೆ ಅವರು ರಾಹುವಿನ ಕಥೆಯನ್ನು ಹೊಸ್ತಿಲಾಚೆ ಎಸೆಯಲಿಲ್ಲ. ಬ್ರಹ್ಮನ ವರದಿಂದ ರಾಹು ಕತ್ತಲ ರೂಪದಲ್ಲಿ ಭೂಮಿಯ ನೆರಳನ್ನು ಹೊಕ್ಕು ಚಂದ್ರನನ್ನು ಮುಚ್ಚುತ್ತಾನೆ ಎಂದು ಪುರಾಣಕ್ಕೂ ಗಣಿತಕ್ಕೂ ಸಂಧಿ ಮಾಡಿದರು. ಇದನ್ನು ಈಗಿನವರು ಕೆಲವರು ಅಂಜಿಕೆ ಎನ್ನುತ್ತಾರೆ. ಅಂಜಿದ್ದರೆ ಮೊದಲಿನ ವಾದವನ್ನೇ ಬರೆಯುತ್ತಿರಲಿಲ್ಲ. ಅಜ್ಜಿಯ ಕಥೆಯನ್ನು ಅಜ್ಜಿಗೇ ಉಳಿಸಿ, ಲೆಕ್ಕವನ್ನು ಮೊಮ್ಮಗನಿಗೆ ಕೊಟ್ಟರು. ನಡುವೆ ಯಾರನ್ನೂ ಹೆದರಿಸಲಿಲ್ಲ, ಯಾರಿಗೂ ನೀರು ತಪ್ಪಿಸಲಿಲ್ಲ.

ರಾಹುವಿನ ಕಥೆಯನ್ನಾದರೂ ಮನಸ್ಸಿಟ್ಟು ಕೇಳಿದವರು ಎಷ್ಟು ಜನ? ಸಮುದ್ರಮಥನವಾಗಿ ಮೋಹಿನಿ ಅಮೃತ ಬಡಿಸುವಾಗ ಅಸುರನೊಬ್ಬ ದೇವತೆಗಳ ಪಂಕ್ತಿಯಲ್ಲಿ ವೇಷ ಮರೆಸಿ ಕುಳಿತ. ಕಂಡದ್ದನ್ನು ಕಂಡ ಹಾಗೆ ಹೇಳಿದವರು ಸೂರ್ಯ, ಚಂದ್ರ. ವಿಷ್ಣುವಿನ ಚಕ್ರಕ್ಕೆ ಅಸುರನ ತಲೆ ಹೋಯಿತು, ಅಂದಿನಿಂದ ಅವನಿಗೆ ಇವರಿಬ್ಬರ ಮೇಲೆ ಹಗೆ. ಅಂದರೆ ಕಥೆಯ ಪ್ರಕಾರ ಗ್ರಹಣದ ಚಂದ್ರ ಸಾಕ್ಷಿ ನುಡಿದು ಕಷ್ಟಕ್ಕೆ ಸಿಕ್ಕವನು. ಅಂಥವನ ಕಷ್ಟದ ಗಳಿಗೆಯಲ್ಲಿ ಊರವರು ಮಾಡಬೇಕಾದದ್ದು ಏನು? ಬಾಗಿಲು ಹಾಕಿಕೊಂಡು ಅವನನ್ನೇ ಅಪಶಕುನ ಎನ್ನುವುದೇ? ಮರಾಠಿ ಸೀಮೆಯಲ್ಲಿ ಗ್ರಹಣದ ಹೊತ್ತಿಗೆ ‘ದಾನ ಕೊಡಿ, ಗ್ರಹಣ ಬಿಡಲಿ’ ಎಂದು ಬಡವರು ಬೀದಿಯಲ್ಲಿ ಕೂಗಿಕೊಂಡು ಬರುತ್ತಿದ್ದರು. ಮನೆಯವರು ಬಾಗಿಲು ತೆರೆದು ಕಾಳು, ಅರಿವೆ ಕೊಡುತ್ತಿದ್ದರು. ಆ ಪದ್ಧತಿಯಲ್ಲಿ ಯಾರದೋ ಹೊಟ್ಟೆ ತುಂಬುತ್ತಿತ್ತು. ಅದೇ ಗ್ರಹಣಕ್ಕೆ ಒಳಗಿನ ಖೋಲಿಯಲ್ಲಿ ಒಬ್ಬಳ ಹೊಟ್ಟೆ ಖಾಲಿ ಇಡುವುದೂ ಪದ್ಧತಿಯೇ. ಎರಡೂ ಹಳೆಯವೇ, ಎರಡಕ್ಕೂ ಹಿರಿಯರ ಹೆಸರಿದೆ. ಯಾವುದನ್ನು ಉಳಿಸಿಕೊಳ್ಳಬೇಕೆಂದು ಆರಿಸುವುದು ಮಾತ್ರ ಈಗಿನವರ ಪಾಲಿಗೆ ಬಂದಿದೆ.

ಆ ಭಾರತ ಹುಣ್ಣಿಮೆಯ ಸಂಜೆ ಮಾಳಿಗೆ ಹತ್ತಿದವರಿಗೆ ಕಾಣಸಿಗುವಂತಿದ್ದದ್ದು ಇಷ್ಟು. ಏಳು ಗಂಟೆಯ ಸುಮಾರಿಗೆ ಪೂರ್ವದಿಂದ ತುಸು ಉತ್ತರಕ್ಕೆ, ಮಂಕು ಕೆಂಪಿನ ಒಂದು ದುಂಡು; ಹುಣ್ಣಿಮೆಯಾದರೂ ಸುತ್ತ ಚುಕ್ಕೆಗಳು. ಏಳೂವರೆ ದಾಟಿದ ಮೇಲೆ, ಕೈ ಚಾಚಿ ಹಿಡಿದರೆ ಹೆಚ್ಚುಕಡಿಮೆ ಒಂದು ಗೇಣು ಮೇಲೆ ಬಂದ ಚಂದ್ರನ ಕೆಳಗಿನ ಅಂಚಿನಲ್ಲಿ ಬಿಳಿಯ ಗೆರೆ. ಪೂರ್ವದ ಕಡೆಯಿಂದ ಹಿಡಿದದ್ದು ಪೂರ್ವದ ಕಡೆಯಿಂದಲೇ ಬಿಡುತ್ತದೆ. ಮೂಡುವ ಚಂದ್ರನಿಗೆ ಪೂರ್ವದ ಅಂಚೆಂದರೆ ಕೆಳಗಿನ ಅಂಚು. ಆಮೇಲೆ ಭಾಸ್ಕರಾಚಾರ್ಯರು ಹೇಳಿದ ಮೊಂಡು ಕೊಂಬುಗಳು. ಅವುಗಳ ನಡುವಿನ ಬಾಗು ದುಂಡಗೆ ಇರುತ್ತದೆ. ಭೂಮಿ ಗೋಲವೆಂಬುದಕ್ಕೆ ಗ್ರೀಸ್ ದೇಶದ ಅರಿಸ್ಟಾಟಲ್ ಎರಡು ಸಾವಿರ ವರ್ಷಗಳಿಗೂ ಹಿಂದೆ ಅದೇ ಬಾಗನ್ನು ಸಾಕ್ಷಿಯಾಗಿ ಕೊಟ್ಟಿದ್ದ.

2026ರ ಮಾರ್ಚ್ 3ರ ಹೋಳಿ ಹುಣ್ಣಿಮೆಯದೂ ಗ್ರಸ್ತೋದಯವೇ. ಆದರೆ ಪೂರ್ಣ ಗ್ರಹಣ 5 ಗಂಟೆ 33 ನಿಮಿಷಕ್ಕೇ ಮುಗಿಯುವುದರಿಂದ, ವಿಜಯಪುರದ ಪಾಲಿಗೆ 6 ಗಂಟೆ 48 ನಿಮಿಷದೊಳಗಿನ ಕೊನೆಯ ತುಣುಕು ಮಾತ್ರ. 2028ರ ಡಿಸೆಂಬರ್ 31ರಂದು ರಾತ್ರಿ 9 ಗಂಟೆ 46 ನಿಮಿಷದಿಂದ 10 ಗಂಟೆ 58 ನಿಮಿಷದವರೆಗೆ ಪೂರ್ಣ ಚಂದ್ರಗ್ರಹಣ. ಚಂದ್ರ ಆಗ ಬಾನಿನಲ್ಲಿ ಎತ್ತರಕ್ಕೆ ಬಂದಿರುತ್ತಾನೆ, ಗುಮ್ಮಟದ ಅಡ್ಡಿಯೂ ಇಲ್ಲ, ಮಾಳಿಗೆ ಹತ್ತುವ ಕಾರಣವೂ ಇಲ್ಲ. ಮನೆಯ ಮುಂದಿನ ಕಟ್ಟೆಯ ಮೇಲೆ ಅತ್ತೆಗೊಂದು, ಸೊಸೆಗೊಂದು ಚಾಪೆ ಹಾಸಿ, ಪಕ್ಕಕ್ಕೆ ಒಂದು ತಂಬಿಗೆ ನೀರು ಇಟ್ಟುಕೊಂಡರೆ ಆಯಿತು.